ಕಾಪುವಿನಿಂದ ಕಾರ್ಕಳಕ್ಕೆ ಒಂದೇ ಚೌಕ

ಕಾಪುವಿನ ದೀಪಸ್ತಂಭದಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಕಾರ್ಕಳದ ಗೊಮ್ಮಟ ಬೆಟ್ಟದ ಬುಡಕ್ಕೆ ಹೋಗಿ ಮುಟ್ಟುತ್ತದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ರೇಖಾಂಶದ ವ್ಯತ್ಯಾಸ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಈ ಕಾಲು ಡಿಗ್ರಿ ನನ್ನ ತಲೆಗೆ ಹೊಕ್ಕದ್ದು ಗೂಗಲ್ ಡೀಪ್‌ಮೈಂಡ್‌ನವರ ‘ಗ್ರಾಫ್‌ಕಾಸ್ಟ್’ ಬಗ್ಗೆ ಓದುವಾಗ. ಹವಾಮಾನ ಹೇಳುವ ಈ ಕೃತಕ ಬುದ್ಧಿಮತ್ತೆ ಇಡೀ ಭೂಮಿಯನ್ನು ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸಿಕೊಂಡು ನೋಡುತ್ತದೆ. ಅದರ ನಕ್ಷೆಯನ್ನು ನಮ್ಮ ಜಿಲ್ಲೆಯ ಮೇಲೆ ಹಾಸಿದರೆ ಕಾಪು, ಉಡುಪಿ, ಮಣಿಪಾಲ ಮೂರೂ ಒಂದೇ ಚೌಕದೊಳಗೆ ಕೂರುತ್ತವೆ. ಕಾರ್ಕಳ ಪಕ್ಕದ ಚೌಕ. ಕುದುರೆಮುಖದ ಸಾಲು ಅದರಾಚೆಯದು. ಕಡಲಿನಿಂದ ಘಟ್ಟದ ನೆತ್ತಿಯವರೆಗಿನ ನಮ್ಮ ಸಕಲ ಸಂಸಾರಕ್ಕೆ ಸಿಕ್ಕಿದ್ದು ಮೂರು ಮನೆ, ಚೆನ್ನೆಮಣೆಯ ಗುಳಿಗಳಿಗಿಂತಲೂ ಕಡಿಮೆ.

ಮಳೆಗಾಲದಲ್ಲಿ ಉಡುಪಿಯಿಂದ ಮಣಿಪಾಲಕ್ಕೆ ಸ್ಕೂಟರಿನಲ್ಲಿ ಹೋದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಸಂಕದಲ್ಲಿ ಬಿಸಿಲು, ಇಂದ್ರಾಳಿ ಸೇತುವೆ ದಾಟುವಾಗ ಹನಿ, ಗುಡ್ಡ ಹತ್ತಿದ ಮೇಲೆ ರೈನ್‌ಕೋಟು ಹಾಕಿಕೊಳ್ಳುವುದಕ್ಕೂ ಬಿಡದ ಮಳೆ. ಇದೆಲ್ಲ ನಾಲ್ಕೈದು ಕಿಲೋಮೀಟರಿನ ಒಳಗೆ.

ಆದ್ದರಿಂದ ಹವಾಮಾನ ಮುನ್ಸೂಚನೆಗೆ ಕೃತಕ ಬುದ್ಧಿಮತ್ತೆ ಬಂದಿದೆ, ಹಳೆಯದೆಲ್ಲ ಮುಗಿಯಿತು ಎನ್ನುವ ಸುದ್ದಿ ಓದಿದಾಗಲೆಲ್ಲ ನನಗೆ ಎರಡು ಪ್ರಶ್ನೆ ಏಳುತ್ತವೆ: ಯಾವ ಮುನ್ಸೂಚನೆ? ಯಾರಿಗೆ? ಹತ್ತು ದಿನದಾಚೆ ಅರಬ್ಬಿ ಸಮುದ್ರದಲ್ಲಿ ಏನಾಗುತ್ತದೆ ಎಂಬುದೊಂದು ಪ್ರಶ್ನೆ. ನಾಳೆ ಮಧ್ಯಾಹ್ನದೊಳಗೆ ನನ್ನ ತೋಟಕ್ಕೆ ಮಳೆ ಬೀಳುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಯಂತ್ರ ನಿಜಕ್ಕೂ ಬೆರಗು ಹುಟ್ಟಿಸುವಷ್ಟು ಮುಂದೆ ಹೋಗಿದೆ. ಎರಡನೆಯದರಲ್ಲಿ ಅದಿನ್ನೂ ನಮ್ಮ ಜಗಲಿ ಹತ್ತಿಲ್ಲ.

ಮುನ್ಸೂಚನೆ ಎಂಬುದು ಮೊದಲಿಗೆ ನೆನಪಿನ ಕಸುಬೇ ಆಗಿತ್ತು. ಪಂಚಾಂಗದ ಮಳೆನಕ್ಷತ್ರಗಳು ಅದೇ, ತುಳುನಾಡಿನ ಪತ್ತನಾಜೆಯೂ ಅದೇ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಅಂದು ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತಿದೆ. 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೆ. 2009ರ ಬಳಿಕ ಅಷ್ಟು ಬೇಗ ಬಂದದ್ದಿರಲಿಲ್ಲ. ಪತ್ತನಾಜೆ ಗೆದ್ದಿತು ಎಂದು ಹಿಗ್ಗಿದವರಿಗೆ ಅದು ಸೋತ ವರ್ಷಗಳ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಅದು ಭವಿಷ್ಯವಾಣಿ ಅಲ್ಲ, ತಲೆಮಾರುಗಳ ಸರಾಸರಿ.

ಸರಾಸರಿಯನ್ನು ವಿಜ್ಞಾನ ಮಾಡಲು ಹೊರಟವರಲ್ಲಿ ಗಿಲ್ಬರ್ಟ್ ವಾಕರ್ ಹೆಸರು ದೊಡ್ಡದು. 1875ರಲ್ಲಿ ಹುಟ್ಟಿದ ನಮ್ಮ ಹವಾಮಾನ ಇಲಾಖೆಗೆ 1904ರಿಂದ 1924ರವರೆಗೆ ಮುಖ್ಯಸ್ಥನಾಗಿದ್ದ ಈ ಗಣಿತಜ್ಞ ಗುಮಾಸ್ತರನ್ನು ಕೂರಿಸಿ ಜಗತ್ತಿನ ಮೂಲೆಮೂಲೆಯ ವಾಯುಭಾರ, ಉಷ್ಣತೆ, ಮಳೆಗಳ ನಡುವೆ ನಂಟು ಹುಡುಕಿಸಿದ. ಯಾಕೆ ಹಾಗಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ; ಹಾಗಾಗುತ್ತದೆ ಎಂಬುದು ಅಂಕಿಗಳಲ್ಲಿ ಕಾಣುತ್ತಿತ್ತು. ಎಲ್ ನಿನೊ ಕುರಿತ ಇಂದಿನ ತಿಳಿವಳಿಕೆಯ ಅರ್ಧ ಭಾಗ, ‘ದಕ್ಷಿಣದ ಆಂದೋಲನ’ ಎಂಬುದು, ಆ ಗುಮಾಸ್ತರ ಕೂಡಿಸು-ಕಳೆಯುವಿನಿಂದ ಎದ್ದದ್ದು. ಅದೇ ಕಾಲದಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಇನ್ನೊಂದು ದಾರಿ ಹಿಡಿದ. ಗಾಳಿಗೂ ನ್ಯೂಟನ್ನನ ನಿಯಮಗಳು ಅನ್ವಯಿಸುತ್ತವಲ್ಲ, ಆ ಸಮೀಕರಣಗಳನ್ನು ಬಿಡಿಸಿದರೆ ನಾಳೆಯ ಹವೆ ತಿಳಿಯಬೇಕು ಎಂದು ಆರು ಗಂಟೆಯ ಮುನ್ಸೂಚನೆಗಾಗಿ ವಾರಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿದ. ಉತ್ತರ ಹಾಸ್ಯಾಸ್ಪದವಾಗಿ ತಪ್ಪಿತು. ಅದನ್ನು ಮುಚ್ಚಿಡದೆ 1922ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ಸೋಲು ಹೆಚ್ಚಿಲ್ಲ. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಹವೆಯ ಲೆಕ್ಕ ಹಾಕಿ ತೋರಿಸಿದ ಮೇಲೆ ರಿಚರ್ಡ್‌ಸನ್ ದಾರಿಯೇ ಹೆದ್ದಾರಿಯಾಯಿತು, ವಾಕರ್ ಹಿಂದೆ ಸರಿದ.

ಈಗ ಆಗಿರುವುದು ವಾಕರನ ಪುನರಾಗಮನ. ಗ್ರಾಫ್‌ಕಾಸ್ಟ್‌ಗೆ ನ್ಯೂಟನ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 1979ರಿಂದ 2017ರವರೆಗಿನ ಹವೆಯ ದಾಖಲೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಸಿದ್ಧಪಡಿಸಿದ ಇಆರ್‌ಎ-5 ಎಂಬ ಭಂಡಾರ. ಈಗಿನ ಸ್ಥಿತಿ, ಆರು ಗಂಟೆ ಹಿಂದಿನ ಸ್ಥಿತಿ ಎರಡನ್ನೂ ಕೊಟ್ಟರೆ ಮುಂದಿನ ಆರು ಗಂಟೆಯದನ್ನು ಹೇಳುತ್ತದೆ. ಆ ಉತ್ತರವನ್ನೇ ಮತ್ತೆ ಒಳಗೆ ಹಾಕಿ, ಹೀಗೆ ನಲವತ್ತು ಸಲ ಹೆಜ್ಜೆಯಿಟ್ಟರೆ ಹತ್ತು ದಿನ. ಒಂದು ಯಂತ್ರದ ಮೇಲೆ ಇದಕ್ಕೆ ಒಂದು ನಿಮಿಷವೂ ಬೇಡ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಅಳೆದ 1,380 ಅಂಶಗಳ ಪೈಕಿ ಶೇ 90ರಲ್ಲಿ ಅದು ಯುರೋಪ್ ಕೇಂದ್ರದ ಭೌತಶಾಸ್ತ್ರೀಯ ಮಾದರಿಯನ್ನು ಹಿಂದಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಲೀ’ ಚಂಡಮಾರುತ ಕೆನಡಾದ ನೋವಾ ಸ್ಕೋಷಿಯಾಕ್ಕೆ ಅಪ್ಪಳಿಸುತ್ತದೆಂದು ಒಂಬತ್ತು ದಿನ ಮೊದಲೇ ಹೇಳಿತ್ತು. ಹಳೆಯ ಪದ್ಧತಿಗೆ ಅದು ಖಚಿತವಾದದ್ದು ಸುಮಾರು ಆರು ದಿನ ಇದೆ ಎನ್ನುವಾಗ.

ಹಳಬರು ಇದನ್ನು ಕಂಡು ಮೂಗು ಮುರಿಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸೋತ ಯುರೋಪ್ ಕೇಂದ್ರವೇ ತನ್ನದೊಂದು ಎಐ ಮಾದರಿ ಕಟ್ಟಿ, ‘ಎಐಎಫ್‌ಎಸ್’ ಎಂಬ ಹೆಸರಿನಲ್ಲಿ 2025ರ ಫೆಬ್ರುವರಿ 25ರಂದು ದಿನನಿತ್ಯದ ಬಳಕೆಗೆ ತಂದಿತು. ಒಂದು ಮುನ್ಸೂಚನೆಗೆ ಹಳೆಯ ಮಾದರಿಗಿಂತ ಸುಮಾರು ಸಾವಿರ ಪಟ್ಟು ಕಡಿಮೆ ವಿದ್ಯುತ್ ಸಾಕು ಎಂದು ಅದೇ ಹೇಳಿದೆ. ಈ ಅಗ್ಗವೇ ನನಗೆ ನಿಖರತೆಗಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ಅರ್ಕ’, ನೊಯ್ಡಾದ ‘ಅರುಣಿಕಾ’ ಸೂಪರ್ ಕಂಪ್ಯೂಟರ್‌ಗಳು ಕೋಟಿಗಟ್ಟಲೆ ರೂಪಾಯಿಯ ಸರಕಾರಿ ಸ್ವತ್ತು. ಕಲಿತು ಮುಗಿಸಿದ ಎಐ ಮಾದರಿಯನ್ನಾದರೆ ಮಣಿಪಾಲದ ಹಾಸ್ಟೆಲಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಹುಡುಗಿಯೊಬ್ಬಳು ಓಡಿಸಬಹುದು. ಇದು ಸಂತೋಷದ ವಿಷಯ. ಹೆದರಿಕೆಯ ವಿಷಯವೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ಹತ್ತು ದಿನದ ಮುನ್ಸೂಚನೆಯಿಂದ ನಮ್ಮಲ್ಲಿ ಯಾರಿಗೆ ಲಾಭ ಎಂದು ಕೇಳಿದರೆ ನಾನು ಮಲ್ಪೆ ಬಂದರಿನ ಕಡೆ ಕೈ ತೋರಿಸುತ್ತೇನೆ. ಜೂನ್, ಜುಲೈ ತಿಂಗಳ 61 ದಿನಗಳ ರಜೆ ಮುಗಿದು ಆಗಸ್ಟಿನಲ್ಲಿ ಕಡಲಿಗಿಳಿಯುವ ಆಳಸಮುದ್ರದ ಬೋಟುಗಳು ಮಂಜುಗಡ್ಡೆ, ಡೀಸೆಲ್, ಅಕ್ಕಿ ತುಂಬಿಕೊಂಡು ಹೊರಟರೆ ಎಂಟು ಹತ್ತು ದಿನ ಹಿಂದಿರುಗುವುದಿಲ್ಲ. ಐದು ದಿನದ ಮುನ್ಸೂಚನೆ ಅವರಿಗೆ ಅರ್ಧ ದಾರಿಯ ದೀಪ. ಹೊರಡುವ ದಿನವೇ ಹತ್ತನೆಯ ದಿನದ ಕಡಲು ಹೇಗಿದ್ದೀತು ಎಂಬ ಅಂದಾಜು ಸಿಕ್ಕಿದರೆ ಒಂದು ಟ್ರಿಪ್ಪಿನ ಲೆಕ್ಕಾಚಾರವೇ ಬದಲಾಗುತ್ತದೆ. ಅರಬ್ಬಿ ಸಮುದ್ರವೂ ಮೊದಲಿನಂತಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ‘ಕ್ಯಾರ್’, ‘ಮಹಾ’ ಎರಡು ಚಂಡಮಾರುತಗಳು ಏಕಕಾಲಕ್ಕೆ ಎದ್ದು ನಿಂತದ್ದನ್ನು ಕಂಡವರು ಇಲ್ಲಿ ಇದ್ದಾರೆ. ಚಂಡಮಾರುತದ ಪಥ, ದೊಡ್ಡ ವಾಯುಭಾರ ಕುಸಿತಗಳ ನಡೆ ಇಂಥವುಗಳಲ್ಲೇ ಎಐ ಮಾದರಿಗಳ ಕೈ ಮೇಲು.

ಘಟ್ಟದ ಮೇಲಿನವರಿಗೆ ಲಾಭ ಬೇರೆ ಬಗೆಯದು. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಗೂಗಲ್‌ನ ‘ನ್ಯೂರಲ್‌ಜಿಸಿಎಂ’, ಯುರೋಪಿನ ಎಐಎಫ್‌ಎಸ್ ಎರಡನ್ನೂ 125 ವರ್ಷಗಳ ಮಳೆ ದಾಖಲೆಯೊಂದಿಗೆ ಬೆರೆಸಿ, 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರು ಆಗಮನದ ಮುನ್ಸೂಚನೆಯನ್ನು ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿತು. ಆ ವರ್ಷ ಬೇಗ ಬಂದ ಮಳೆ ನಡುದಾರಿಯಲ್ಲಿ ಸುಮಾರು 20 ದಿನ ಕಾಲೂರಿ ನಿಂತಿತು. ಆ ತಂಗುವಿಕೆಯನ್ನು ಮುನ್ಸೂಚನೆ ಸರಿಯಾಗಿ ಹಿಡಿದಿತ್ತು ಎಂದು ಸಚಿವಾಲಯ ಹೇಳಿತು. ಮೊದಲ ಮಳೆಗೇ ಬಿತ್ತಿ ಬೀಜ ಕಳೆದುಕೊಳ್ಳುವ ಒಣಭೂಮಿಯ ರೈತನಿಗೆ ಇದರ ಬೆಲೆ ಗೊತ್ತು. ನಮ್ಮಲ್ಲಿ ಮಳೆ ಬರುತ್ತದೆಯೋ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಕರಾವಳಿಯಲ್ಲಿ ಜನ ಕೇಳುವುದು ಒಂದೇ: ಯಾವಾಗ ಬಿಡುತ್ತದೆ?

ಕಷ್ಟ ಇರುವುದು ಅಲ್ಲೇ. ಕಾರ್ಕಳದ ಕಡೆಯ ಅಡಿಕೆ ಕೃಷಿಕನಿಗೆ ಕೊಳೆರೋಗಕ್ಕೆ ಔಷಧಿ ಬಿಡಲು, ಅಂದರೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು, ಜುಲೈಯಲ್ಲಿ ಒಂದು ದಿನದ ಬಿಸಿಲು ಬೇಕು. ಮರ ಹತ್ತುವವರು ಸಿಗುವುದೇ ಅಪರೂಪ. ಸಿಕ್ಕಿದ ದಿನ ಮಳೆ ಬಂದರೆ ದ್ರಾವಣ ಮಣ್ಣಿಗೆ, ಸಂಬಳ ನೀರಿಗೆ. ಮಟ್ಟುವಿನ ಗುಳ್ಳ ಬೆಳೆಯುವವರಿಗೆ ಮಳೆಗಾಲ ಮುಗಿದ ಮೇಲಿನ ಅಕಾಲ ಮಳೆ ಶತ್ರು. ಶಂಕರಪುರದ ಮಲ್ಲಿಗೆಯವರಿಗೆ ಮೊಗ್ಗು ಕೊಯ್ಯುವ ಹೊತ್ತಿನ ಮಳೆ. ಇವರಿಗೆಲ್ಲ ಬೇಕಾದದ್ದು ಊರಿನ, ಗಂಟೆಯ ಲೆಕ್ಕದ ಮಾತು. ನಮ್ಮ ಮಳೆಯ ಹುಟ್ಟೂ ಹಾಗೆಯೇ ಇದೆ. ಕಡಲಂಚಿನುದ್ದಕ್ಕೆ ಎಳೆದಂತಿರುವ ಕಡಿಮೆ ಒತ್ತಡದ ಪಟ್ಟಿ, ಅದರಲ್ಲಿ ಏಳುವ ಸಣ್ಣ ಸುಳಿಗಳು, ತೇವದ ಗಾಳಿಯನ್ನು ಮೇಲಕ್ಕೆತ್ತುವ ಘಟ್ಟದ ಗೋಡೆ ಮೂರೂ ಸೇರಿ ಅದು ಸುರಿಯುತ್ತದೆ. ಕುದುರೆಮುಖದ 1,894 ಮೀಟರಿನ ಶಿಖರ ಕಾಲು ಡಿಗ್ರಿಯ ಚೌಕದಲ್ಲಿ ಸರಾಸರಿಯಾಗಿ ತಗ್ಗಿಹೋಗುತ್ತದೆ, ಗೋಡೆ ಇಳಿಜಾರಾಗುತ್ತದೆ. ಯಂತ್ರ ಕಲಿತ ಭಂಡಾರದಲ್ಲಿನ ಮಳೆಯೂ ಮಳೆಮಾಪಕದಲ್ಲಿ ಅಳೆದ ಮಳೆಯಲ್ಲ, ಇನ್ನೊಂದು ಮಾದರಿ ಲೆಕ್ಕ ಹಾಕಿ ಹೇಳಿದ ಮಳೆ. ಪಶ್ಚಿಮ ಘಟ್ಟದ ಜಡಿಮಳೆಯನ್ನು ಅದು ಕಡಿಮೆ ತೋರಿಸುತ್ತದೆ ಎಂಬುದು ಹೊಸ ದೂರೇನಲ್ಲ. ಗುರುಗಳಿಗೇ ಆಗುಂಬೆ ಸರಿಯಾಗಿ ಗೊತ್ತಿಲ್ಲದಿದ್ದರೆ ಶಿಷ್ಯನನ್ನು ಬೈದು ಏನು ಸುಖ?

ಇನ್ನೊಂದು ದೋಷ ಕಲಿಕೆಯ ವಿಧಾನದಲ್ಲೇ ಇದೆ. ಮೊದಲ ತಲೆಮಾರಿನ ಈ ಮಾದರಿಗಳಿಗೆ ತರಬೇತಿ ಕೊಡುವಾಗ ತಪ್ಪಿನ ಪ್ರಮಾಣಕ್ಕೆ ತಕ್ಕ ದಂಡ ಹಾಕುತ್ತಾರೆ. ಮಳೆ ಹೆಬ್ರಿಯಲ್ಲೋ ಕಾರ್ಕಳದಲ್ಲೋ ಎಂಬ ಅನುಮಾನವಿದ್ದಾಗ ಒಂದು ಕಡೆ ಪೂರ್ತಿ ಹೇಳಿ ಸೋತರೆ ದಂಡ ಜಾಸ್ತಿ. ಎರಡೂ ಕಡೆ ಅರ್ಧರ್ಧ ಹೇಳಿದರೆ ಕಡಿಮೆ. ಯಂತ್ರ ಬುದ್ಧಿವಂತ, ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಬೇಗ ಕಲಿತುಬಿಟ್ಟಿತು. ಹೀಗಾಗಿ ದಿನ ದೂರವಾದಂತೆಲ್ಲ ಅದರ ನಕ್ಷೆ ಮಸುಕಾಗುತ್ತದೆ, ಅತಿರೇಕಗಳು ಕರಗುತ್ತವೆ. 2024ರ ಕೊನೆಗೆ ಬಂದ ‘ಜೆನ್‌ಕಾಸ್ಟ್’, 2025ರ ಜುಲೈಯಲ್ಲಿ ಬಳಕೆಗೆ ಬಂದ ಎಐಎಫ್‌ಎಸ್‌ನ ಸಮೂಹ ಮಾದರಿ ಇದಕ್ಕೆ ಮದ್ದು ಹುಡುಕಿವೆ: ಒಂದೇ ಉತ್ತರದ ಬದಲು ಹತ್ತಾರು ಸಾಧ್ಯ ನಾಳೆಗಳನ್ನು ಮುಂದಿಡುತ್ತವೆ. ಮದ್ದು ಕೆಲಸ ಮಾಡುತ್ತಿದೆ, ಚೌಕದ ಗಾತ್ರ ಮಾತ್ರ ಹಾಗೆಯೇ ಇದೆ. ಭೌತಶಾಸ್ತ್ರದ ದಾರಿ ಇಲ್ಲಿ ಇನ್ನೂ ಮುಂದಿದೆ. 2025ರ ಮೇ 26ರಂದು ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಕಾಪುವಿನಿಂದ ಕಾರ್ಕಳಕ್ಕೆ ಅದರಲ್ಲಿ ನಾಲ್ಕೈದು ಮನೆ.

ಕಾಣದ್ದನ್ನು ಹೇಳಲಾಗದು ಎಂಬ ಮಿತಿ ಇವೆಲ್ಲಕ್ಕಿಂತ ಆಳದ್ದು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಎನ್‌ವಿಡಿಯಾದ ‘ಫೋರ್‌ಕಾಸ್ಟ್‌ನೆಟ್’ ಮಾದರಿಗೆ ಪ್ರಬಲ ಚಂಡಮಾರುತಗಳನ್ನೆಲ್ಲ ಬಚ್ಚಿಟ್ಟು ತರಬೇತಿ ಕೊಟ್ಟರು. ಆಮೇಲೆ ಐದನೇ ದರ್ಜೆಯ ಚಂಡಮಾರುತವನ್ನು ಮುಂದಿಟ್ಟರೆ ಅದು ಎರಡನೇ ದರ್ಜೆಯದೆಂದೇ ಅಂದಾಜು ಮಾಡಿತು. ಕುತೂಹಲದ ಸಂಗತಿಯೆಂದರೆ, ಬೇರೊಂದು ಸಾಗರದ ಪ್ರಬಲ ಚಂಡಮಾರುತಗಳನ್ನು ತೋರಿಸಿದ್ದರೆ ಆ ಪಾಠವನ್ನು ತಾನು ಕಾಣದ ಸಾಗರಕ್ಕೂ ತಕ್ಕಮಟ್ಟಿಗೆ ಒಯ್ಯುತ್ತಿತ್ತು. ಪೆಸಿಫಿಕ್ಕಿನ ನೆನಪು ಅರಬ್ಬಿಗೆ ಕೆಲಸಕ್ಕೆ ಬರಬಹುದು. ಆದರೆ ಎಲ್ಲೂ ಆಗದಿದ್ದದ್ದು ಮೊದಲ ಸಲ ಆಗುವಾಗ ನೆನಪಿನ ಯಂತ್ರ ಅದನ್ನು ತಗ್ಗಿಸಿಯೇ ಹೇಳುತ್ತದೆ. ಬಿಸಿಯಾಗುತ್ತಿರುವ ಭೂಮಿಯ ಮೇಲೆ ಇದು ಸಣ್ಣ ಮಾತಲ್ಲ.

2020ರ ಸೆಪ್ಟೆಂಬರ್ 19ರ ರಾತ್ರಿ ನೆನಪಾಗುತ್ತದೆ. ಬೆಳಗಾಗುವಷ್ಟರಲ್ಲಿ ಉಡುಪಿ ಜಿಲ್ಲೆಯ ಕೆಲವು ಮಳೆಮಾಪಕಗಳು 300 ಮಿ.ಮೀ. ದಾಟಿದ್ದವು. ಸ್ವರ್ಣಾ ನದಿ ದಡ ಮೀರಿತು, ಇಂದ್ರಾಣಿ ತೋಡು ಕಲ್ಸಂಕದಲ್ಲಿ ರಸ್ತೆಯಾಯಿತು, ಕೃಷ್ಣ ಮಠದ ಪಾರ್ಕಿಂಗ್ ಜಾಗ ಕೆರೆಯಾಯಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಇಂದಿನ ಎಐ ಮಾದರಿ ಅಂದು ಇದ್ದಿದ್ದರೆ ಏನು ಹೇಳುತ್ತಿತ್ತು? ಕರಾವಳಿಗೆ ಭಾರೀ ಮಳೆ ಎಂದು ಎರಡು ಮೂರು ದಿನ ಮೊದಲೇ ಹೇಳುತ್ತಿತ್ತು ಎಂದು ನಂಬಲು ಕಾರಣವಿದೆ. 300 ಮಿ.ಮೀ. ಈ ಕಣಿವೆಗೆ, ಈ ರಾತ್ರಿಗೆ ಎಂದು ಹೇಳುತ್ತಿತ್ತೆಂದು ನಾನು ನಂಬುವುದಿಲ್ಲ. ಹೇಳಿದ್ದರೂ ಗದ್ದೆ ತುಂಬಿಸಿ ಕಟ್ಟಿದ ಬಡಾವಣೆಯ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹವಾಮಾನ ಇಲಾಖೆಯಲ್ಲಿಲ್ಲ.

ಅಂಥ ರಾತ್ರಿಗೆ ಬೇಕಾದದ್ದು ಮುಂದಿನ ಒಂದೆರಡು ಗಂಟೆಯ ಮಾತು. ಅದರಲ್ಲೂ ಎಐ ಪಳಗಿದೆ. ಡೀಪ್‌ಮೈಂಡ್ ಮತ್ತು ಬ್ರಿಟನ್ನಿನ ಹವಾಮಾನ ಇಲಾಖೆ ಸೇರಿ 2021ರಲ್ಲಿ ತೋರಿಸಿದ ಮಾದರಿ ಮುಂದಿನ 90 ನಿಮಿಷದ ಮಳೆಯನ್ನು ಹೇಳುತ್ತದೆ. ಐವತ್ತಕ್ಕೂ ಹೆಚ್ಚು ಹವಾಮಾನ ತಜ್ಞರ ಮುಂದೆ ಹೋಲಿಕೆಗಿಟ್ಟಾಗ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದಕ್ಕೇ ಮೊದಲ ಸ್ಥಾನ ಸಿಕ್ಕಿತು. ಆದರೆ ಅದರ ಆಹಾರ ರೇಡಾರ್ ಚಿತ್ರ. 2020ರ ಆ ರಾತ್ರಿ ಕರ್ನಾಟಕ ಕರಾವಳಿಗೆ ತನ್ನದೇ ಡಾಪ್ಲರ್ ರೇಡಾರ್ ಇರಲಿಲ್ಲ. ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಕೊಚ್ಚಿ. ನಡುವಿನ ನಾವು ಇಬ್ಬರ ಕಣ್ಣಂಚಿನಲ್ಲಿ. ಬುದ್ಧಿಯ ಬಗ್ಗೆ ಇಷ್ಟು ಮಾತಾಡುವ ನಾವು ಕಣ್ಣಿನ ಬಗ್ಗೆ ಕಡಿಮೆ ಮಾತಾಡುತ್ತೇವೆ. ಗ್ರಾಫ್‌ಕಾಸ್ಟ್ ಆಗಲಿ ಎಐಎಫ್‌ಎಸ್ ಆಗಲಿ ‘ಈಗಿನ ಸ್ಥಿತಿ’ಯನ್ನು ತಾವಾಗಿ ಕಂಡುಕೊಳ್ಳುವುದಿಲ್ಲ. ಉಪಗ್ರಹ, ಹಡಗು, ಮಂಗಳೂರಿನ ಪಣಂಬೂರಿನಂಥ ಕಡೆಗಳಿಂದ ಹಾರಿಬಿಡುವ ಬಲೂನು ಎಲ್ಲವೂ ಕಳಿಸಿದ ಅಂಕಿಗಳನ್ನು ಹಳೆಯ ಭೌತಶಾಸ್ತ್ರೀಯ ವ್ಯವಸ್ಥೆ ಹೊಂದಿಸಿಕೊಟ್ಟ ಮೇಲೆಯೇ ಇವುಗಳ ಆ ಒಂದು ನಿಮಿಷ ಶುರುವಾಗುವುದು. ಬಲೂನು ನಿಲ್ಲಿಸಿ ಎಐ ಕೊಳ್ಳುವುದೆಂದರೆ ಬಾವಿ ಮುಚ್ಚಿಸಿ ಪಂಪ್‌ಸೆಟ್ ತಂದಂತೆ.

ಈ ವಿಷಯದಲ್ಲಿ ಕರ್ನಾಟಕ ಬಡರಾಜ್ಯವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಸಾವಿರಾರು ದೂರಸಂವೇದಿ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಪಂಚಾಯಿತಿಗೊಂದು ಮಳೆಮಾಪಕ ಇಟ್ಟ ನಾಡು ದೇಶದಲ್ಲಿ ಬೇರೆ ಎಷ್ಟಿದ್ದೀತು? ಕಾಲು ಡಿಗ್ರಿಯ ಚೌಕವನ್ನು ಊರಿನ ಮಟ್ಟಕ್ಕೆ ಇಳಿಸಲು ಯಂತ್ರಕ್ಕೆ ಪಾಠ ಹೇಳಬೇಕಾದರೆ ಬೇಕಾದ ಪಠ್ಯ ಇದೇ. ಮಣಿಪಾಲದ ತಾಂತ್ರಿಕ ವಿದ್ಯಾಲಯ 1957ರಿಂದ ಇಲ್ಲಿದೆ. ಯಂತ್ರಕಲಿಕೆ ಓದುವ ಮಕ್ಕಳಿಗೆ ಬರವಿಲ್ಲ. ಅವರ ಪ್ರಾಜೆಕ್ಟುಗಳಿಗೆ ಬೋಸ್ಟನ್ನಿನ ಮನೆಬೆಲೆಯ ದತ್ತಾಂಶಕ್ಕಿಂತ ಮಾಳ, ಈದು, ಹೆಬ್ರಿಯ ಮಳೆಯ ದತ್ತಾಂಶ ಒಳ್ಳೆಯ ಮೇವು ಎಂದು ನನಗನ್ನಿಸುತ್ತದೆ. ಮಾಪಕದ ಬಾಯಿಗೆ ಬಿದ್ದ ತರಗೆಲೆ ತೆಗೆಯುವವರು ಯಾರು ಎಂಬುದೂ ಅಷ್ಟೇ ಮುಖ್ಯ ಪ್ರಶ್ನೆ. ಅದಕ್ಕೆ ಯಾವ ಎಐಯೂ ಬರುವುದಿಲ್ಲ.

ಹೆದರಿಕೆಯ ಮಾತಿಗೆ ಬರುತ್ತೇನೆಂದಿದ್ದೆ. ಮುನ್ಸೂಚನೆ ಅಗ್ಗವಾದಾಗ ಹೇಳುವವರು ಹೆಚ್ಚುತ್ತಾರೆ. ಜುಲೈ ತಿಂಗಳ ರಾತ್ರಿ ಎಂಟರ ಮೇಲೆ ಉಡುಪಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಣ್ಣಬಣ್ಣದ ನಕ್ಷೆಗಳು ಸುರಿಯುತ್ತವೆ. ಎಲ್ಲರಿಗೂ ಬೇಕಾದದ್ದು ಒಂದೇ: ನಾಳೆ ಶಾಲೆಗೆ ರಜೆಯೋ? ನಕ್ಷೆ ಕಳಿಸಿದವರಿಗೆ ಯಾವ ಹೊಣೆಯೂ ಇಲ್ಲ. ಜಿಲ್ಲಾಧಿಕಾರಿ ರಜೆ ಸಾರಿ ಬಿಸಿಲು ಬಂದರೂ ಬೈಗುಳ, ಸಾರದೆ ಮಳೆ ಬಂದರೂ ಬೈಗುಳ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 115.6 ಮಿ.ಮೀ. ಆದರೆ ‘ಅತಿ ಭಾರೀ’, 204.4 ದಾಟಿದರೆ ‘ಅತ್ಯಂತ ಭಾರೀ’. ವಿಜಯಪುರಕ್ಕೂ ಅದೇ ಅಳತೆಗೋಲು, ಉಡುಪಿಗೂ ಅದೇ. ವಿಜಯಪುರದಲ್ಲಿ ಅಷ್ಟು ಬಿದ್ದರೆ ಅನಾಹುತ. ಇಲ್ಲಿ ಆಟಿ ತಿಂಗಳಲ್ಲಿ 120 ಮಿ.ಮೀ. ಬಿದ್ದರೆ ಕೊಡೆ ಹಿಡಿದುಕೊಂಡು ಮೀನು ತರಲು ಹೋಗುತ್ತಾರೆ. ಎಷ್ಟು ಮಳೆ ಎಂಬುದರಿಂದ ಆ ಮಳೆ ಏನು ಮಾಡುತ್ತದೆ ಎಂಬಲ್ಲಿಗೆ ಹೋಗುವ ದಾರಿಯಲ್ಲಿ ಎಐಗೆ ನಿಜವಾದ ಕೆಲಸವಿದೆ. ನದಿಯ ಮಟ್ಟ, ಭರತದ ಹೊತ್ತು, ಮಣ್ಣು ಆಗಲೇ ಕುಡಿದಿರುವ ನೀರು ಇವನ್ನೆಲ್ಲ ಕೂಡಿಸುವ ಕೆಲಸ ಅದು.

ಹೇಳಿದ್ದನ್ನು ಕೇಳುವುದು ಬೇರೆಯೇ ಅಧ್ಯಾಯ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಬರುತ್ತದೆಂಬುದು ದಿನಗಳ ಮೊದಲೇ ಗೊತ್ತಿತ್ತು. ಆದರೂ ಎರಡು ಟಗ್‌ಗಳು ಕಡಲಲ್ಲಿ ಸಿಲುಕಿದವು. ಒಂದು ಮಗುಚಿ ಪಡುಬಿದ್ರಿಯ ತೀರಕ್ಕೆ ಬಂದು ಬಿತ್ತು, ಜೀವಗಳು ಹೋದವು. ಕಾಪುವಿನಾಚೆ ಬಂಡೆಗೆ ಸಿಕ್ಕಿಕೊಂಡ ಇನ್ನೊಂದರಿಂದ ಒಂಬತ್ತು ಮಂದಿಯನ್ನು ಮೇ 17ರಂದು ರಕ್ಷಿಸಲಾಯಿತು. ಆ ದುರಂತಕ್ಕೆ ಕಾರಣ ಯಾರು ಎಂಬ ವಿಚಾರಣೆ ಇಲ್ಲಿ ಬೇಡ. ಮುನ್ಸೂಚನೆಯ ಕೊರತೆ ಕಾರಣವಲ್ಲ ಎಂಬುದಷ್ಟೇ ನಮಗೆ ಮುಖ್ಯ. ನಾಡದೋಣಿಯವರಾದರೋ ಮಳೆಗಾಲದಲ್ಲಿ ತೂಫಾನಿಗಾಗಿಯೇ ಕಾಯುತ್ತಾರೆ, ಕಡಲು ಕದಡಿ ಕೆಸರೆದ್ದ ಮೇಲೆ ಮೀನು ದಡದತ್ತ ಬರುತ್ತದೆಂದು. ಕೆಂಪು ಬಣ್ಣದ ಎಚ್ಚರಿಕೆ ಅವರಿಗೆ ಅಪಾಯವೂ ಹೌದು, ಆಮೇಲಿನ ಎರಡು ದಿನದ ಆಸೆಯೂ ಹೌದು.

ಕಳೆದ ಜುಲೈಯಲ್ಲಿ ಕಾರ್ಕಳದ ಹತ್ತಿರದ ನಂಟರ ಮನೆಯಲ್ಲಿದ್ದೆ. ಬೆಳಿಗ್ಗೆ ಏಳಕ್ಕೆ ಮರ ಹತ್ತುವವರು ಬಂದು ಜಗಲಿಯಲ್ಲಿ ಕೂತಿದ್ದರು. ಡ್ರಮ್ಮಿನಲ್ಲಿ ಮೈಲುತುತ್ತು ಕರಗಿತ್ತು, ಸುಣ್ಣ ಇನ್ನೂ ಸೇರಿರಲಿಲ್ಲ. ನನ್ನ ಫೋನಿನಲ್ಲಿ ಎರಡು ಆ್ಯಪ್, ಒಂದು ಮಳೆ ಎನ್ನುತ್ತಿತ್ತು, ಇನ್ನೊಂದು ಶೇ 40 ಎನ್ನುತ್ತಿತ್ತು. ಮಾವ ಎರಡನ್ನೂ ನೋಡಿ, ಕನ್ನಡಕ ತೆಗೆದಿಟ್ಟು, ಕಾಪುವಿನಲ್ಲಿ ಕಡಲ ಪಕ್ಕ ಮನೆ ಇರುವ ತಂಗಿಗೆ ಫೋನ್ ಮಾಡಿದರು. “ಅಲ್ಪ ಬರ್ಸ ಉಂಡಾ?” ಅಲ್ಲಿ ಮಳೆ ಇದೆಯಾ ಎಂದು. ಪಡುವಣ ಕಪ್ಪಾಗಿದೆ, ಹನಿ ಇನ್ನೂ ಇಲ್ಲ ಎಂಬ ಉತ್ತರ ಸ್ಪೀಕರಿನಲ್ಲಿ ನಮಗೂ ಕೇಳಿಸಿತು. ಕಾಪುವಿಗೆ ಬಂದದ್ದು ಇಲ್ಲಿಗೆ ಬರಲು ಮುಕ್ಕಾಲು ಗಂಟೆ ಎಂಬುದು ಅವರ ಲೆಕ್ಕ. ಸುಣ್ಣ ಕಲಸಬೇಡಿ, ಮೊದಲು ತಿಂಡಿ ತಿನ್ನಿ ಎಂದು ಆಳುಗಳಿಗೆ ಹೇಳಿದರು. ನೀರುದೋಸೆಯ ಎರಡನೆಯ ಸುತ್ತು ಬರುವ ಹೊತ್ತಿಗೆ ಹಂಚಿನ ಮೇಲೆ ಸದ್ದು ಶುರುವಾಯಿತು.